ಟೀಚರಿಗೆ ಒಂದು ಮೈಕ್ ಕೊಡಲು ಇಷ್ಟು ಕಷ್ಟವಾ?

ಮಕ್ಕಳ ಶಾಲೆಯ ಪಿಟಿಎ ಮೀಟಿಂಗಿನಿಂದ ಈಗಷ್ಟೇ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಒಂದನೇ ಕ್ಲಾಸಿನ ಟೀಚರ್ ಎದ್ದು ನಿಂತು, ಒಡೆದ ಸ್ವರದಲ್ಲಿ, ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕ್ ಸೆಟ್ ಬೇಕು ಎಂದರು. ಮುಂದೆ ಕೂತವರೊಬ್ಬರು, "ಟೀಚರೇ, ಒಳ್ಳೆಮೆಣಸಿನ ಕಷಾಯ ಕುಡೀರಿ, ಎರಡು ದಿನದಲ್ಲಿ ಸರಿಯಾಗ್ತದೆ" ಎಂದರು. ಅಲ್ಲಿಗೆ ಆ ವಿಷಯ ಮುಗಿಯಿತು. ಆಮೇಲೆ ವಾರ್ಷಿಕೋತ್ಸವದ ಶಾಮಿಯಾನದ ಬಗ್ಗೆ ಮಾತು ಶುರು.

ಅವರಿಗಿರುವುದು ಶೀತ ಅಲ್ಲ. (ಅವರೇ ಬರೆಯಿರಿ ಎಂದದ್ದಕ್ಕೆ ಬರೆಯುತ್ತಿದ್ದೇನೆ.) ಮಂಗಳೂರಿನಲ್ಲಿ ಇಎನ್‌ಟಿ ಡಾಕ್ಟರು ಮೂಗಿನಿಂದ ಸಪೂರ ಕ್ಯಾಮೆರಾ ಇಳಿಸಿ ನೋಡಿದ್ದಾರೆ. ಗಂಟಲಿನೊಳಗೆ ಸದ್ದು ಹುಟ್ಟಿಸುವ ಎರಡೂ ಸ್ವರತಂತುಗಳ ಅಂಚಿನಲ್ಲಿ, ಎದುರುಬದುರಾಗಿ, ಸಣ್ಣ ಗಂಟುಗಳು. ವೋಕಲ್ ನಾಡ್ಯೂಲ್. ಹೆಂಗಸರು ಮಾತಾಡುವಾಗ ಈ ತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ಕಿರುಚಿದರೆ ಇನ್ನೂ ಜೋರಾಗಿ ಬಡಿದುಕೊಳ್ಳುತ್ತವೆ. ಬಡಿತ ಹೆಚ್ಚು ಬೀಳುವಲ್ಲಿ, ಹಾರೆ ಹಿಡಿದ ಅಂಗೈಯಂತೆ, ಜಡ್ಡು ಕಟ್ಟುತ್ತದೆ. ಕುಡಿದ ಕಷಾಯ ಹೋಗುವುದು ಅನ್ನನಾಳಕ್ಕೆ. ಸ್ವರತಂತು ಇರುವುದು ಉಸಿರಿನ ದಾರಿಯಲ್ಲಿ. ಅದಕ್ಕೆ ಕಷಾಯ ತಾಗುವುದೇ ಇಲ್ಲ!

ನಮ್ಮ ಶಾಲೆಯಲ್ಲಿ ಎರಡು ಕ್ಲಾಸುಗಳ ನಡುವೆ ಅರ್ಧ ಎತ್ತರದ ತಟ್ಟಿ. ಆಚೆ ಮಲಯಾಳ ಮೀಡಿಯಂ, ಈಚೆ ಕನ್ನಡ ಮೀಡಿಯಂ, ಮೇಲೆ ಶೀಟು. ಜುಲೈ ಮಳೆಯಲ್ಲಿ ಅಲ್ಲಿ ಅಕ್ಷರ ಕಲಿಸಲು ಎಷ್ಟು ಕಿರುಚಬೇಕು, ಒಮ್ಮೆ ಬಂದು ನಿಂತು ನೋಡಿ.

"ಹಿಂದಿನ ಮಾಷ್ಟ್ರುಗಳು ಮೈಕ್ ಇಲ್ಲದೆ ಕಲಿಸಿಲ್ವಾ?" ಎಂದು ಕೇಳುವವರಿದ್ದಾರೆ. ಕಲಿಸಿದರು. ರಿಟೈರ್ ಆಗುವಾಗ ಅವರ ಸ್ವರ ಹೇಗಿತ್ತು ಎಂದು ಯಾರು ಕೇಳಿದ್ದಾರೆ? ನಮ್ಮ ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಇಲ್ಲಿ ಯಕ್ಷಗಾನ ಆಟದ ದಿನ ಹಾಡುವ ಭಾಗವತರ ಸ್ವರ ಬಿದ್ದರೆ ಮಾರನೇ ದಿನವಿಡೀ ಅದೇ ಸುದ್ದಿ. ಅವರ ಮುಂದೆ ಮೈಕ್ ಇಡಲು ಯಾರದ್ದೂ ತಕರಾರಿಲ್ಲ. ಟೀಚರ ದುಡಿಮೆಯೂ ಗಂಟಲಿನದ್ದೇ ಅಲ್ವಾ?

ಅಪ್ಪನಿಗೆ ಗಂಟಲಿನ ಕ್ಯಾನ್ಸರ್ ಆದದ್ದು ನಿಮಗೆಲ್ಲ ಗೊತ್ತು. ಟೀಚರ ಸ್ವರ ಕೆಟ್ಟಾಗ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಈ ಗಂಟು ಕ್ಯಾನ್ಸರ್ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಕೇಳಿ ಅತ್ತುಬಿಟ್ಟೆ. ಆದರೆ ಬರೀ ಸ್ವರ ಕೇಳಿ ಒಳಗೆ ಏನಿದೆ ಎಂದು ಹೇಳಲಾಗುವುದಿಲ್ಲ. ಒಂದು ಬದಿಯಲ್ಲಿ ಪಾಲಿಪ್ ಎಂಬ ಮೆತ್ತನೆಯ ಗುಳ್ಳೆ ಇರಬಹುದು. ಎಚ್‌ಪಿವಿ ವೈರಸ್‌ನಿಂದ ಬರುವ, ತೆಗೆದರೂ ಮತ್ತೆ ಮತ್ತೆ ಬೆಳೆಯುವ, ನರುಳ್ಳೆಯಂಥ ಪ್ಯಾಪಿಲೋಮಾ ಇರಬಹುದು. ಸ್ವರ ಒಡೆದು ಮೂರು ವಾರ ದಾಟಿದರೆ ಡಾಕ್ಟರಿಗೆ ತೋರಿಸಿ. ದಯವಿಟ್ಟು.

ನಾಡ್ಯೂಲ್‌ಗೆ ಹೆಚ್ಚಾಗಿ ಆಪರೇಷನ್ ಬೇಡ. ಸ್ಪೀಚ್ ಥೆರಪಿಯಲ್ಲಿ ಉಸಿರನ್ನು ಹದವಾಗಿ ಬಳಸುವುದು, ಗಂಟಲಿಗೆ ಭಾರ ಹಾಕದೆ ಮಾತಾಡುವುದು ಕಲಿಸುತ್ತಾರೆ. ಟೀಚರ್ ಶ್ರದ್ಧೆಯಿಂದ ಮಾಡುತ್ತಿದ್ದಾರೆ. ಆದರೆ ಬೆಳಿಗ್ಗೆ ಅದೇ ಶೀಟಿನ ಕೆಳಗೆ ಕಿರುಚಬೇಕಾದರೆ ಗಂಟು ಕರಗುವುದು ಹೇಗೆ?

ಮುಂದಿನ ಮೀಟಿಂಗಿನಲ್ಲಿ ಮೈಕಿನ ವಿಷಯ ನಾನೇ ಎತ್ತುತ್ತೇನೆ. ನಮ್ಮ ಕ್ಲಾಸಿನ ಅಪ್ಪ ಅಮ್ಮಂದಿರು ಜೊತೆಗೆ ನಿಲ್ಲಿ. ಶಾಲೆಯ ಫಂಡಿನಿಂದ ಆಗದಿದ್ದರೆ ನಾವೇ ದುಡ್ಡು ಹಾಕೋಣ. ಸೇರುವವರು ಕೆಳಗೆ ಹೆಸರು ಬರೆಯಿರಿ.