ಹಿಡಿದರೂ ಸ್ಟೀಲು, ಬಿಟ್ಟರೂ ಸ್ಟೀಲು

"ಇದೇನು, ಜಗಲಿ ತುಂಬ ಶಾಯಿ ಚೆಲ್ಲಿದ್ದೀರಾ?"

ಮನೆಗೆ ಬಂದವರೆಲ್ಲ ಕೂರುವ ಮೊದಲು ಕೇಳುವುದು ಇದನ್ನೇ. ನಿನ್ನೆ ಕಾಫಿಪುಡಿ ಕೇಳಲು ಬಂದ ಪಕ್ಕದ ಮನೆ ಅತ್ತಿಗೆಯೂ ಕೇಳಿದರು. ಹಲಗೆ ಹಾಸಿ ಒಂದು ಮಳೆಗಾಲ ಪೂರ್ತಿ ಕಳೆದಿಲ್ಲ, ಆಗಲೇ ಒಂದೊಂದು ಸ್ಕ್ರೂ ಸುತ್ತಲೂ ಎಂಟಾಣೆ ಅಗಲದ ಕಪ್ಪು ಕಲೆ.

ಅತ್ತಿಗೆ ಹೇಳಿದ್ದು ಸುಳ್ಳೂ ಅಲ್ಲ. ಹಲಗೆ ಮತ್ತಿಯದು. ಅಳಲೆ ಮರದ ದಾಯಾದಿ ಅದು, ಒಗರು ಜಾಸ್ತಿ. ಹಿಂದಿನವರು ಅಳಲೆಕಾಯಿ ರಸಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಉಪ್ಪು ಹಾಕಿ ಶಾಯಿ ಮಾಡುತ್ತಿದ್ದರು. ನಮ್ಮಲ್ಲಿ ಒಗರು ಹಲಗೆಯದು, ಕಬ್ಬಿಣ ಸ್ಕ್ರೂದು, ನೀರು ತೀರ್ಥಹಳ್ಳಿ ಮಳೆಯದು. ಬರೆಯುವವರಿಲ್ಲ ಅಷ್ಟೆ.

ಆ ಸ್ಕ್ರೂ ತಂದವರು ಆಚಾರ್ರು. ಜಿಪ್ಸಮ್ ಸೀಲಿಂಗಿಗೆ ಹಾಕುವ ಕಪ್ಪು ಸ್ಕ್ರೂ. ಒಳಗಿದ್ದರೆ ತನ್ನ ಪಾಡಿಗೆ ಇರುತ್ತದೆ. ಹೊರಗೆ ಇರಚಲು ಹೊಡೆದರೆ ತುಕ್ಕು. ಹಲಗೆ ಉಬ್ಬಿ ಕುಗ್ಗಿ ಜಗ್ಗಿದರೆ ತಲೆಯೇ ಪಟ್ಟಂತ ಹಾರುತ್ತದೆ. ಕೇಳಿದ್ದಕ್ಕೆ, "ನಮ್ಮಜ್ಜ ಒಂದೂ ಮೊಳೆ ಹೊಡೀದೆ ಮನೆ ಕಟ್ಟಿದ್ರು ಗೌಡ್ರೇ" ಅಂದರು. ಮತ್ತೆ ನೀವ್ಯಾಕೆ ಹೊಡೆದ್ರಿ ಅನ್ನುವಷ್ಟರಲ್ಲಿ ಅವರ ಬಾಯಿ ತುಂಬ ಎಲೆ-ಅಡಿಕೆ.

ಶಿವಮೊಗ್ಗಕ್ಕೆ ನಾನೇ ಹೋದೆ. ಹಾರ್ಡ್‌ವೇರ್ ಅಂಗಡಿಯವರು ಮೊದಲು ಬಂಗಾರದ ಬಣ್ಣದ್ದು ಸುರಿದರು.

"ತುಕ್ಕು ಹಿಡಿಯಲ್ಲ ಸಾರ್, ಗ್ಯಾರಂಟಿ."

"ಮಳೆಗೆ?"

"ಮಳೆ ಬೀಳಬಾರದು ಸಾರ್."

ಜುಲೈ ತಿಂಗಳಲ್ಲಿ, ಮಲೆನಾಡಿನವನ ಎದುರು ಈ ಮಾತು! ಆ ಹೊಳಪು ತೆಳ್ಳನೆ ಸತುವಿನ ಲೇಪ. ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆದ ಹಾಟ್ ಡಿಪ್ ಆದರೆ ಪದರ ದಪ್ಪ, ಬಾಳಿಕೆ ಬರುತ್ತದೆ. ಕೇಳಿದೆ. "ಅದು ಕರೆಂಟ್ ಕಂಬಕ್ಕೆ ಸಾರ್" ಅಂದರು.

ಸ್ಟೀಲ್ ಕೊಡಿ ಅಂದೆ. ಕೌಂಟರಿನ ಕೆಳಗಿಂದ ದಾರ ಕಟ್ಟಿದ ಒಂದು ಮ್ಯಾಗ್ನೆಟ್ ಬಂತು. ಹಳೇ ಸ್ಪೀಕರಿನದು. ಅದನ್ನು ಪಂಚೆಗೆ ಒರೆಸಿ, ಸ್ಕ್ರೂ ಮೇಲೆ ಮೆಲ್ಲಗೆ ಇಳಿಸಿದರು. ಹಿಡಿಯಲಿಲ್ಲ. "ನೋಡಿ, ಅಪ್ಪಟ ಸ್ಟೀಲು." ಇನ್ನೊಂದು ಡಬ್ಬ. ಈ ಸಲ ಸ್ಕ್ರೂ ಟಕ್ಕಂತ ಅಂಟಿಕೊಂಡಿತು. ನನ್ನ ಮುಖ ನೋಡಿ, "ಇದು ಗಟ್ಟಿ ಸ್ಟೀಲು" ಅಂದರು. ಮೂರನೆಯದು ಹಿಡಿಯಲೋ ಬೇಡವೋ ಅಂತ ಸ್ವಲ್ಪ ಓಲಾಡಿತು. "ಮಿಕ್ಸ್ ಸಾರ್, ಬೆಸ್ಟ್!"

ತಮಾಷೆ ಅಂದರೆ ಮೂರೂ ನಿಜ ಇರಬಹುದು. ಸ್ಟೀಲಿನ ಒಂದೊಂದು ಜಾತಿಗೂ ಒಂದೊಂದು ನಂಬರು. 304ನೇ ನಂಬರಿನದಕ್ಕೆ ಮ್ಯಾಗ್ನೆಟ್ ಹಿಡಿಯುವುದಿಲ್ಲ, ಸ್ಕ್ರೂ ಮಾಡುವಾಗ ಒತ್ತಡ ಬಿದ್ದರೆ ಚೂರು ಹಿಡಿಯುತ್ತದೆ. 410ಕ್ಕೆ ಚೆನ್ನಾಗಿಯೇ ಹಿಡಿಯುತ್ತದೆ, ತುಕ್ಕೂ ಬೇಗ. ಅಗ್ಗದ 202ಕ್ಕೂ ಹಿಡಿಯುವುದಿಲ್ಲ, ಆದರೆ ಅದು ಮಳೆಯಲ್ಲಿ 304ರಷ್ಟು ತಡೆಯದು. ಅಂದಮೇಲೆ ಆ ಮ್ಯಾಗ್ನೆಟ್ ಯಾಕೆ? ಸುಮ್ನೆ, ಗಿರಾಕಿ ಬಾಯಿ ಮುಚ್ಚಿಸೋಕೆ. 316 ಅಂತ ಇನ್ನೂ ದುಬಾರಿಯದಿದೆ, ಅದು ಉಪ್ಪುಗಾಳಿ ತಿನ್ನುವ ಕರಾವಳಿಯವರಿಗಿರಲಿ. ಡಬ್ಬದ ಮೇಲೆ 304 ಅಂತ ಅಚ್ಚಾಗಿದ್ದನ್ನೇ ತೆಗೆದುಕೊಂಡೆ. ಕೆಜಿ ಲೆಕ್ಕ ಇಲ್ಲ, ಒಂದೊಂದಾಗಿ ಎಣಿಸಿಕೊಟ್ಟರು.

ಅಜ್ಜನ ಮನೆ ಅಟ್ಟದ ಹಲಗೆಗೆ ಮರದ ಗೂಟ ಇತ್ತು. ಮಳೆಗೆ ಹಲಗೆ ಉಬ್ಬಿದರೆ ಗೂಟವೂ ಉಬ್ಬಿ ಇನ್ನೂ ಬಿಗಿ. ಆ ಮನೆ ಕೆಡವುವಾಗ ಗೂಟ ಬಿಡಿಸಲು ಇದೇ ಆಚಾರ್ರು ಬೆವತು ಹೋಗಿದ್ದರು. ಹಲಗೆಗಳು ಈಗ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗಿವೆ. ಒಂದರ ಮೇಲೂ ಕಲೆ ಇಲ್ಲ. ಇರಲಿ ಬಿಡಿ.

ಹೊಸ ಸ್ಕ್ರೂ ಮೆತ್ತಗಿನ ಜಾತಿ. ಮೊದಲು ತೂತು ಕೊರೆಯದೆ ತಿರುಗಿಸಿದರೆ ತಲೆಯ ಸೀಳು ಸವೆದು ಹೋಗುತ್ತದೆ. ಜಾರಲು ಮೇಣ ಸವರಬೇಕು. ಮೇಣದಬತ್ತಿ ತಂದುಕೊಟ್ಟೆ. "ರಾತ್ರಿ ಕರೆಂಟ್ ಹೋದ್ರೆ ನಿಮ್ಮ ಸ್ಕ್ರೂ ಹಚ್ಚಿಕೊಳ್ಳಲಾ?" ಅಂತ ನನ್ನಾಕೆ ಕಸಿದುಕೊಂಡಳು. ಆಚಾರ್ರು ಹಿತ್ತಲ ಕಡೆ ಹೋಗಿ ಏನೋ ತಂದು ಕೆಲಸ ಮುಗಿಸಿದರು.

ಸಂಜೆ ಅವಳು ಬಚ್ಚಲಿನಿಂದ ತನ್ನ ಹೊಸ ಗಂಧದ ಸೋಪು ಹಿಡಿದು ಬಂದಳು. ಅದರ ಮೈತುಂಬ ಸ್ಕ್ರೂ ಎಳೆದ ಗೆರೆ.

"ಯಾರು ಮಾಡಿದ್ದು ಇದು?"

ಆಚಾರ್ರು ಅವಸರದಲ್ಲಿ ಎಲೆಗೆ ಸುಣ್ಣ ಹಚ್ಚತೊಡಗಿದರು.