ಎತ್ತಿಗೆ ಜ್ವರ, ರೂಟರಿಗೆ ಬರೆ

"ನೆಟ್ ಹೋಯ್ತು" ಅಂತ ಒಳಕೋಣೆಯಿಂದ ಒಂದು ಕೂಗು ಬಂದರೆ ಸಾಕು, ಮನೆಮಂದಿಯೆಲ್ಲ ಒಂದೇ ಕಡೆ ತಿರುಗಿ ನೋಡುತ್ತಾರೆ. ಟಿವಿಯ ಪಕ್ಕ ಧೂಳು ಹೊದ್ದು ಕುಳಿತ ರೂಟರಿನ ಕಡೆ. ಮುಂದಿನ ಹತ್ತು ಸೆಕೆಂಡಿನಲ್ಲಿ ಅದರ ಪ್ಲಗ್ಗು ಕಿತ್ತು, ಮತ್ತೆ ಚುಚ್ಚಿ, ಆಂಟೆನಾಗಳ ಕಿವಿ ಹಿಂಡಿ, ಬೆನ್ನಿಗೊಂದು ಏಟನ್ನೂ ಕೊಟ್ಟಾಗಿರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವ ಗಾದೆ ಹುಟ್ಟುವ ಕಾಲಕ್ಕೆ ರೂಟರ್ ಇದ್ದಿದ್ದರೆ ಎಮ್ಮೆ ಬಚಾವಾಗುತ್ತಿತ್ತು.

ಬರೆ ಎಳೆಯುವ ಮುನ್ನ ದೀಪ ನೋಡಬೇಕು. ಫೈಬರ್ ಇರುವ ಮನೆಯಲ್ಲಿ ಹೊರಗಿನಿಂದ ಬರುವ ಗಾಜಿನ ಎಳೆ ಮೊದಲು ಸೇರುವುದು ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಓಎನ್‌ಟಿ ಎಂಬ ಪೆಟ್ಟಿಗೆಗೆ. ಕೆಲವು ಮನೆಗಳಲ್ಲಿ ಅದೇ ಪೆಟ್ಟಿಗೆ ವೈಫೈಯನ್ನೂ ಕೊಡುತ್ತದೆ, ಕೆಲವು ಕಡೆ ರೂಟರ್ ಬೇರೆ ಇರುತ್ತದೆ. ಓಎನ್‌ಟಿಯ ಮೇಲಿನ 'ಪಾನ್' (PON) ದೀಪ ಮಿಟುಕದೆ ಹಸಿರಾಗಿ ಉರಿಯುತ್ತಿದ್ದರೆ ಬೆಳಕು ಬರುತ್ತಿದೆ, ಕಂಪನಿಯ ತುದಿಯ ಯಂತ್ರ ನಿಮ್ಮ ಪೆಟ್ಟಿಗೆಯ ಗುರುತು ಹಿಡಿದಿದೆ ಎಂದರ್ಥ. ಮಿಟುಕುತ್ತಿದ್ದರೆ ಗುರುತು ಹಿಡಿಯುವ ಕೆಲಸ ಇನ್ನೂ ನಡೆದಿದೆ. 'ಎಲ್‌ಒಎಸ್' (LOS) ದೀಪ ಕೆಂಪಗೆ ಮಿಟುಕುತ್ತಿದ್ದರೆ ಬೆಳಕೇ ತಲುಪುತ್ತಿಲ್ಲ. ಆಗ ರೂಟರಿಗೆ ನೂರು ಸಲ ಪ್ರಾಣ ತೆಗೆದು ಪ್ರಾಣ ಕೊಟ್ಟರೂ ಪ್ರಯೋಜನವಿಲ್ಲ, ದೂರು ಕೊಡಬೇಕು. ಅದಕ್ಕೂ ಮೊದಲು ಒಮ್ಮೆ ಟೇಬಲ್ಲಿನ ಹಿಂದೆ ಬಗ್ಗಿ ನೋಡುವುದು ಒಳ್ಳೆಯದು.

ಯಾಕೆಂದರೆ ಫೈಬರ್ ಅಂದರೆ ಗಾಜು. ಬೆಳಕು ಓಡುವ ಒಳತಿರುಳು ಸುಮಾರು 9 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು), ಸುತ್ತಲಿನ ಗಾಜೂ ಸೇರಿ 125 ಮೈಕ್ರಾನ್. ಹಳೆಯ ಮಾದರಿಯ ಎಳೆಯನ್ನು 30 ಮಿಲಿಮೀಟರಿಗಿಂತ ಕಡಿಮೆ ತ್ರಿಜ್ಯಕ್ಕೆ ಬಗ್ಗಿಸಬಾರದು. ಮನೆಯೊಳಗೆ ಎಳೆಯಲೆಂದೇ ಮಾಡಿದ ಹೊಸ ಮಾದರಿಗಳಲ್ಲಿ ಕೆಲವು 7.5 ಮಿಲಿಮೀಟರಿನವರೆಗೂ ತಾಳಿಕೊಳ್ಳುತ್ತವೆ. ಸೋಫಾದ ಕಾಲಿಗೆ ಈ ಲೆಕ್ಕ ಗೊತ್ತಿಲ್ಲ. ಮನೆ ಗುಡಿಸಿ ಒರೆಸಿ ಸೋಫಾವನ್ನು ಗೋಡೆಗೆ ಒತ್ತಿದ ದಿನವೇ ನೆಟ್ ಹೋಗಿದ್ದರೆ, ಕಂಪನಿಯನ್ನು ಬಯ್ಯುವುದನ್ನು ಐದು ನಿಮಿಷ ಮುಂದೂಡಿ ಸೋಫಾ ಈಚೆ ಎಳೆಯಿರಿ. ಕಡಿದಾದ ತಿರುವಿನಲ್ಲಿ ಬೆಳಕು ದಾರಿ ಬಿಟ್ಟು ಗಾಜಿನಿಂದ ಆಚೆ ಸೋರುತ್ತದೆ. ಸುರುಳಿ ಸಡಿಲಿಸಿದರೆ ಅನೇಕ ಸಲ ಕೆಂಪು ದೀಪ ತಾನಾಗಿ ಆರುತ್ತದೆ. ಗಾಜು ಒಳಗೇ ಸೀಳಿದ್ದರೆ ಆರುವುದಿಲ್ಲ, ಅದು ಗಾಜಿನ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ತರುವವರ ಕೆಲಸ.

ಇನ್ನು ಫೈಬರಿನ ತುದಿಯ ಕನೆಕ್ಟರ್. ಹಸಿರು ಬಣ್ಣದ್ದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದರಲ್ಲಿ ಆ ಓರೆ ಇಲ್ಲ. ಎರಡೂ ಒಂದೇ ತೂತಿಗೆ ನೆಟ್ಟಗೆ ಕೂರುತ್ತವೆ, ಎಡವಟ್ಟಾಗುವುದೇ ಅಲ್ಲಿ. ಹಸಿರನ್ನು ನೀಲಿಗೆ ಜೋಡಿಸಿದರೆ ತುದಿಗಳ ನಡುವೆ ಸಂದು ಬಿದ್ದು ಬೆಳಕು ಪೋಲಾಗುತ್ತದೆ. ಕನೆಕ್ಟರ್ ಕಿತ್ತು, ಬಾಯಲ್ಲಿ ಊದಿ, ಬನಿಯನ್ನಿಗೆ ಒರೆಸಿ ಮತ್ತೆ ಚುಚ್ಚುವ ಅಭ್ಯಾಸ ಕ್ಯಾಸೆಟ್ ಕಾಲದ್ದು. 9 ಮೈಕ್ರಾನಿನ ಕಿಂಡಿಯ ಮೇಲೆ ಬೆರಳಿನ ಜಿಡ್ಡು ಕೂತರೆ ಕಿಟಕಿಗೆ ಕೆಸರು ಮೆತ್ತಿದ ಹಾಗೆ. ಬೆಳಕು ಬರುತ್ತಿದೆಯೇ ಅಂತ ತುದಿಯೊಳಗೆ ಕಣ್ಣಿಟ್ಟು ನೋಡುವ ಸಾಹಸವಂತೂ ಬೇಡವೇ ಬೇಡ. ಮನೆಗೆ ಬರುವ ಲೇಸರಿನ ಅಲೆಯುದ್ದ ಸಾಮಾನ್ಯವಾಗಿ 1490 ನ್ಯಾನೊಮೀಟರ್, ಬರುತ್ತಿದ್ದರೂ ಅದು ಕಣ್ಣಿಗೆ ಕಾಣುವುದಿಲ್ಲ.

ಕಣ್ಣಿಗಿಂತ ನಂಬಿಕಸ್ಥ ಸಾಕ್ಷಿ ಬ್ರೌಸರಿನಲ್ಲಿ ತೆರೆದುಕೊಳ್ಳುವ ಓಎನ್‌ಟಿಯ ಸೆಟ್ಟಿಂಗ್ ಪುಟದಲ್ಲಿದೆ. ಅಲ್ಲಿ 'ಆರ್‌ಎಕ್ಸ್ ಪವರ್' (RX Power) ಎಂಬ ಸಾಲು ಹುಡುಕಿ, ಪೆಟ್ಟಿಗೆಗೆ ತಲುಪುತ್ತಿರುವ ಬೆಳಕಿನ ಬಲ ಅದು, ಅಳತೆ ಡಿಬಿಎಮ್‌ನಲ್ಲಿ. ಮೈನಸ್ ಚಿಹ್ನೆ ಕಂಡು ಗಾಬರಿಯಾಗಬೇಡಿ, ಅದು ಮೈನಸ್ಸಿನಲ್ಲೇ ಇರಬೇಕು. ಮೈನಸ್ 15ರಿಂದ ಮೈನಸ್ 24 ಡಿಬಿಎಮ್ ಒಳಗಿದ್ದರೆ ನೆಮ್ಮದಿ. ಮೈನಸ್ 27ರ ಹತ್ತಿರ ಹೋದರೆ ಲೈನು ಕೊನೆಯುಸಿರು ಎಳೆಯುತ್ತಿದೆ ಅನ್ನಿ. ಪ್ರತಿ 3 ಡಿಬಿ ಇಳಿದಾಗಲೂ ಬೆಳಕು ಅರ್ಧವಾಗುತ್ತದೆ. ಮೊನ್ನೆ ಮೈನಸ್ 20 ಇದ್ದದ್ದು ಇವತ್ತು ಮೈನಸ್ 26 ಆಗಿದ್ದರೆ ಬೆಳಕಿನ ಮುಕ್ಕಾಲು ಪಾಲು ದಾರಿಯಲ್ಲೆಲ್ಲೋ ಚೆಲ್ಲಿದೆ. ನೆಟ್ ಚೆನ್ನಾಗಿರುವ ದಿನವೇ ಈ ಅಂಕಿಯನ್ನು ಬರೆದಿಟ್ಟುಕೊಂಡವರು ಪುಣ್ಯವಂತರು.

ಪಾನ್ ದೀಪ ಹಸಿರಾಗಿದ್ದೂ ನೆಟ್ ಇಲ್ಲವೇ? ಆಗ ರೀಸ್ಟಾರ್ಟ್ ಮಾಡಬಹುದು, ಆದರೆ ಅದಕ್ಕೂ ಒಂದು ಕ್ರಮವಿದೆ. ಎರಡೂ ಪೆಟ್ಟಿಗೆಗಳ ಪವರ್ ತೆಗೆದು ಅರ್ಧ ನಿಮಿಷ ಸುಮ್ಮನಿರಿ. ಸ್ವಿಚ್ಚು ತೆಗೆದ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಸ್ವಲ್ಪ ಹೊತ್ತು ಉಳಿದಿರುತ್ತದೆ. ಟಕಟಕ ಅಂತ ಆಫ್-ಆನ್ ಮಾಡಿದರೆ ಪೆಟ್ಟಿಗೆ ನಿಜವಾಗಿ ಸತ್ತು ಹುಟ್ಟುವುದೇ ಇಲ್ಲ. ಮೊದಲು ಓಎನ್‌ಟಿ ಆನ್ ಮಾಡಿ, ಪಾನ್ ದೀಪದ ಮಿಟುಕು ನಿಂತ ಮೇಲೆ ರೂಟರ್. ಎಲ್ಲ ಸೇರಿ ಐದು ನಿಮಿಷ. ಈ ಐದು ನಿಮಿಷ ಕಾಯಲಾಗದ ವೀರನೊಬ್ಬ ಪ್ರತಿ ಮನೆಯಲ್ಲೂ ಇರುತ್ತಾನೆ. ಅವನ ಕೈಗೆ ಪಿನ್ನು ಸಿಗದಂತೆ ನೋಡಿಕೊಳ್ಳಿ.

ಪೆಟ್ಟಿಗೆಯ ಹಿಂಬದಿಯಲ್ಲಿ ಸೂಜಿ ತೂರುವಷ್ಟೇ ಅಗಲದ ಒಂದು ತೂತಿದೆ, ಪಕ್ಕದಲ್ಲಿ 'ರೀಸೆಟ್' ಅಂತ ಬರೆದಿದೆ. ವೀರನ ಕಣ್ಣಿಗೆ ರೀಸ್ಟಾರ್ಟ್ ಮತ್ತು ರೀಸೆಟ್ ಅಕ್ಕತಂಗಿಯರು. ಹತ್ತು ಸೆಕೆಂಡು ಪಿನ್ನು ಒತ್ತಿ ಹಿಡಿದರೆ ದೀಪಗಳೆಲ್ಲ ಒಟ್ಟಿಗೆ ಆರಿ ಹೊತ್ತಿಕೊಳ್ಳುತ್ತವೆ, ನೋಡಲು ಚಂದ. ಅಷ್ಟರಲ್ಲಿ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಪಿಪಿಪಿಓಇ ಯೂಸರ್‌ನೇಮ್, ಪಾಸ್‌ವರ್ಡ್, ಕಂಪನಿ ಕೊಟ್ಟ ವಿಲಾನ್ (VLAN) ಸಂಖ್ಯೆ, ವೈಫೈ ಹೆಸರು ಎಲ್ಲವೂ ಅಳಿಸಿಹೋಗಿರುತ್ತವೆ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋಗಬಹುದಾಗಿದ್ದ ತೊಂದರೆ ಈಗ ತಂತ್ರಜ್ಞರು ಮನೆಗೆ ಬರುವವರೆಗೆ ಬೆಳೆಯಿತು. ಸೆಟ್ಟಿಂಗ್ ಪುಟದ ಫೋಟೊ ಒಂದನ್ನು ಫೋನಿನಲ್ಲೇ ಇಟ್ಟುಕೊಳ್ಳಿ. ಕ್ಲೌಡಿನಲ್ಲಿ ಮಾತ್ರ ಇಟ್ಟರೆ ಅದನ್ನು ತೆರೆಯಲು ನೆಟ್ ಬೇಕಾಗುತ್ತದೆ.

ಅಡಾಪ್ಟರುಗಳದ್ದು ಬೇರೆಯೇ ಗೋಳು. ಟಿವಿ ಹಿಂದಿರುವ ನಾಲ್ಕು ಅಡಾಪ್ಟರುಗಳೂ ಕಪ್ಪು, ನಾಲ್ಕರ ಮೂತಿಯೂ ಒಂದೇ ಥರ. ಒಂದು 5 ವೋಲ್ಟ್, ಇನ್ನೊಂದು 9, ಮತ್ತೊಂದು 12. ಧೂಳು ಒರೆಸುವ ಭರದಲ್ಲಿ 12 ವೋಲ್ಟಿನ ರೂಟರಿಗೆ 9 ವೋಲ್ಟಿನದು ಹೋದರೆ ದೀಪವೇನೋ ಉರಿದೀತು, ಕೆಲಸ ನಡೆಯದು. 5 ವೋಲ್ಟಿನ ಪೆಟ್ಟಿಗೆಗೆ 12 ಕೊಟ್ಟರೆ ಸುಟ್ಟ ವಾಸನೆ ಬರುತ್ತದೆ. ವೋಲ್ಟೇಜ್ ಕರಾರುವಾಕ್ಕಾಗಿ ಹೊಂದಬೇಕು; ಆಂಪಿಯರ್ ಬರೆದಷ್ಟೇ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಡ್ಡಿಯಿಲ್ಲ. ವಯಸ್ಸಾದ ಅಡಾಪ್ಟರ್ ಇನ್ನೊಂದು ನಾಟಕ ಆಡುತ್ತದೆ: ಸುಮ್ಮನಿದ್ದಾಗ ಎಲ್ಲ ಸರಿ, ಎಲ್ಲರೂ ಒಟ್ಟಿಗೆ ವಿಡಿಯೊ ನೋಡಲು ಕೂತಾಗ ವೋಲ್ಟೇಜ್ ಕುಸಿದು ರೂಟರ್ ತಾನೇ ರೀಸ್ಟಾರ್ಟ್ ಆಗುತ್ತದೆ. ಇದಕ್ಕೂ ಬರೆ ಬೀಳುವುದು ರೂಟರಿಗೇ. ಅಂದಹಾಗೆ, ಕರೆಂಟು ಹೋದಾಗಲೂ ನೆಟ್ ಬೇಕೆಂದು ರೂಟರಿಗೊಂದು ಪುಟ್ಟ ಯುಪಿಎಸ್ ತಂದು, ಓಎನ್‌ಟಿಯನ್ನು ಕತ್ತಲಲ್ಲಿ ಬಿಡುವವರಿದ್ದಾರೆ. ವೈಫೈ ಪೂರ್ತಿ ಕಡ್ಡಿ ತೋರಿಸುತ್ತದೆ, ನೆಟ್ ಮಾತ್ರ ಸೊನ್ನೆ.

ನೆಟ್‌ವರ್ಕ್ ಕೇಬಲ್ಲಿನ ಎರಡೂ ತುದಿಯನ್ನು ಒಂದೇ ರೂಟರಿನ ಎರಡು ತೂತುಗಳಿಗೆ ಚುಚ್ಚುವುದು ಇನ್ನೊಂದು ಅಪರೂಪದ ಸಾಧನೆ. ಒಂದು ತುದಿ ಸುಮ್ಮನೆ ನೇತಾಡುತ್ತಿದೆಯಲ್ಲ ಅಂತ ಒಳ್ಳೆಯ ಮನಸ್ಸಿನಿಂದ ಯಾರೋ ಮಾಡಿದ ಕೆಲಸ. ಅಲ್ಲಿಂದ 'ಎಲ್ಲರೂ ಕೇಳಿ' ಎಂಬ ಸಂದೇಶಗಳು ಸುತ್ತಿ ಸುತ್ತಿ ಬಂದು ದೀಪಗಳು ಹುಚ್ಚೆದ್ದು ಮಿಟುಕತೊಡಗುತ್ತವೆ, ಮನೆಯ ನೆಟ್‌ವರ್ಕ್ ಪೂರ್ತಿ ಸ್ತಬ್ಧ.

ವೇಗದ ದೂರಿಗೂ ಕೇಬಲ್ಲೇ ಮೂಲವಿರಬಹುದು. 300 ಎಮ್‌ಬಿಪಿಎಸ್ ಪ್ಲಾನ್, ಟೆಸ್ಟ್ ಮಾಡಿದರೆ ಯಾವಾಗ ನೋಡಿದರೂ 94 ಆಸುಪಾಸು. ಈ ಅಂಕಿ ಕಂಡರೆ ಮೊದಲು ಕೇಬಲ್ ಬದಲಿಸಿ ನೋಡಿ. 100ನ್ನು ಮೀರಿದ ಗಿಗಾಬಿಟ್ ವೇಗಕ್ಕೆ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು. ಒಂದು ತಂತಿ ಕಡಿದರೂ ಯಂತ್ರಗಳು ಬಹುತೇಕ ಎರಡೇ ಜೋಡಿಯ 100ಕ್ಕೆ ಇಳಿದು ಸುಧಾರಿಸಿಕೊಳ್ಳುತ್ತವೆ. ರೂಟರಿನ ಕಿಂಡಿಯೇ 100ರದ್ದಾಗಿದ್ದರೆ ಕೇಬಲ್ ಬದಲಿಸಿಯೂ ಫಲವಿಲ್ಲ, ಅದಕ್ಕೆ ಗಿಗಾಬಿಟ್ ಪ್ಲಾನ್ ಹಾಕಿಸುವುದು ಹರಿದ ಜೇಬಿಗೆ ದುಡ್ಡು ತುಂಬಿದಂತೆ. ಇನ್ನು 100 ಎಮ್‌ಬಿಪಿಎಸ್ ಅಂದಮೇಲೆ 100 ಎಂಬಿ ಫೈಲ್ ಒಂದು ಸೆಕೆಂಡಿಗೆ ಇಳಿಯಬೇಕಲ್ಲ ಎಂಬ ಜಗಳ. ಇಳಿಯುವುದಿಲ್ಲ. ಅವರು ಹೇಳಿದ್ದು ಬಿಟ್, ನೀವು ಲೆಕ್ಕ ಹಾಕಿದ್ದು ಬೈಟ್. ಎಂಟರಿಂದ ಭಾಗಿಸಿ: ಸೆಕೆಂಡಿಗೆ 12.5 ಎಂಬಿ, ಅಂದರೆ ಎಂಟು ಸೆಕೆಂಡು. ಈ ಜಗಳದಲ್ಲಿ ಕಂಪನಿ ಗೆದ್ದಿತು.

ಇಷ್ಟಾದ ಮೇಲೂ ಜ್ವರ ಯಾರದ್ದೆಂದು ತಿಳಿಯದಿದ್ದರೆ ಲ್ಯಾಪ್‌ಟಾಪಿನಿಂದ ರೂಟರಿಗೆ ಕೇಬಲ್ ಹಾಕಿ, ಹತ್ತಿರದವರಿಂದ ದೂರದವರವರೆಗೆ ಒಬ್ಬೊಬ್ಬರನ್ನೇ ಕೂಗಿ ಕರೆಯಬೇಕು. ಕಮಾಂಡ್ ಕಿಟಕಿಯಲ್ಲಿ ಪಿಂಗ್ ಎಂದು ಬರೆದು ರೂಟರಿನ ವಿಳಾಸ ಕೊಡಿ, 192.168.1.1 ಅಥವಾ 192.168.0.1 ಇರುವುದೇ ಹೆಚ್ಚು. ಉತ್ತರ ಬರದಿದ್ದರೆ ಕಾಯಿಲೆ ಮನೆಯೊಳಗೇ ಇದೆ. ನಿಮ್ಮ ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗುತ್ತಿದ್ದರೆ ರೂಟರ್ ಅದಕ್ಕೆ ವಿಳಾಸ ಕೊಟ್ಟೇ ಇಲ್ಲ, ಪಾಪದ್ದು ತಾನೇ ಒಂದು ಇಟ್ಟುಕೊಂಡಿದೆ. ರೂಟರ್ ಓಗೊಟ್ಟರೆ ಮುಂದೆ ಹೊರಗಿರುವ ಗೂಗಲ್‌ನ ಸರ್ವರ್ 8.8.8.8 ಅನ್ನು ಕರೆಯಿರಿ. ಅದೂ ಓಗೊಟ್ಟು, ಜಾಲತಾಣದ ಹೆಸರು ಬರೆದಾಗ ಮಾತ್ರ ಮೌನವಾದರೆ ಲೈನು ಸರಿಯಿದೆ, ಹೆಸರನ್ನು ಅಂಕಿಯಾಗಿಸುವ ಡಿಎನ್‌ಎಸ್ ಮಲಗಿದೆ. ರೂಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.1 ಅಥವಾ 8.8.8.8 ತುಂಬಿದರೆ ಎದ್ದು ಕೂರುತ್ತದೆ.

ಕೇಬಲ್ಲಿನಲ್ಲಿ ವೇಗ ಪೂರ್ತಿ ಬಂದು ಮಂಚದ ಮೇಲೆ ಬರದಿದ್ದರೆ ಆಪಾದನೆ ವೈಫೈ ಮೇಲೆ, ಅಂದರೆ ರೂಟರನ್ನು ಇಟ್ಟವರ ಮೇಲೆ. ಚಂದ ಕಾಣುವುದಿಲ್ಲವೆಂದು ಅದನ್ನು ಕಬ್ಬಿಣದ ಬೀರುವಿನ ಹಿಂದೆ, ಕನ್ನಡಿಯ ಹಿಂದೆ, ಮೀನಿನ ತೊಟ್ಟಿಯ ಪಕ್ಕ ಅಡಗಿಸುತ್ತಾರೆ. ಲೋಹ ಅಲೆಗಳನ್ನು ಹಿಂದಕ್ಕೆ ಅಟ್ಟುತ್ತದೆ, ಕನ್ನಡಿಯ ಬೆನ್ನಿಗೂ ಲೋಹದ ಲೇಪವಿರುತ್ತದೆ, ನೀರು ಅಲೆಗಳನ್ನು ಕುಡಿದುಬಿಡುತ್ತದೆ. ಮೈಕ್ರೋವೇವ್ ಒಲೆ ಕೆಲಸ ಮಾಡುವುದು 2.45 ಗಿಗಾಹರ್ಟ್ಸಿನಲ್ಲಿ, ವೈಫೈಯ ಹಳೆಯ ತರಂಗಪಟ್ಟಿ 2.4ರಲ್ಲಿ, ಒಳಗೆ ಅನ್ನ ಬಿಸಿಯಾಗುವಷ್ಟು ಹೊತ್ತು ಹೊರಗೆ ವಿಡಿಯೊ ಕಾಲ್ ತಣ್ಣಗಾಗುತ್ತದೆ. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಮೂರೇ. ಪಕ್ಕದವರಿಗೆ ತೊಂದರೆ ಬೇಡವೆಂದು 3 ಅಥವಾ 4 ಹಿಡಿದು ಕೂತರೆ ಆಚೀಚೆ ಇಬ್ಬರಿಗೂ ತೊಂದರೆ. ಹತ್ತಿರದ ಕೋಣೆಗಳಿಗೆ 5 ಗಿಗಾಹರ್ಟ್ಸ್ ಬಳಸಿ. ವೇಗ ಜಾಸ್ತಿ, ಗೋಡೆ ದಾಟುವ ತಾಕತ್ತು ಕಡಿಮೆ.

ರಿಪೀಟರ್ ತಂದವರು ಅದನ್ನು ಸಿಗ್ನಲ್ ಸತ್ತ ಮೂಲೆಗೇ ಒಯ್ದು ಇಡುತ್ತಾರೆ. ಅದು ತನಗೆ ಕೇಳಿಸಿದ್ದನ್ನು ತಾನೇ ಮತ್ತೆ ಹೇಳಬೇಕು. ಏನೂ ಕೇಳಿಸದ ಕಡೆ ಕೂರಿಸಿದರೆ ಏನು ಹೇಳೀತು? ಅರ್ಧ ದಾರಿಯಲ್ಲಿಡಿ. ಅದಕ್ಕೂ ಒಳ್ಳೆಯದು, ಆ ಮೂಲೆಗೊಂದು ಕೇಬಲ್ ಎಳೆದು ತುದಿಗೆ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ ಕೂರಿಸುವುದು.

ಎಲ್ಲ ಮುಗಿದು ಕಸ್ಟಮರ್ ಕೇರ್ ಮೆಟ್ಟಿಲು ಹತ್ತುವಾಗ "ನೆಟ್ ಬರ್ತಿಲ್ಲ ಸಾರ್" ಅಂದರೆ "ರೀಸ್ಟಾರ್ಟ್ ಮಾಡಿ ಮೇಡಂ" ಅನ್ನುವುದು ಗ್ಯಾರಂಟಿ. "ಬೆಳಗ್ಗೆ ಏಳರಿಂದ ಎಲ್‌ಒಎಸ್ ಕೆಂಪು, ಆರ್‌ಎಕ್ಸ್ ಪವರ್ ನಿನ್ನೆ ಮೈನಸ್ 21 ಇತ್ತು, ಇವತ್ತು ಅಂಕಿಯೇ ಬರ್ತಿಲ್ಲ" ಅಂದು ನೋಡಿ. ಆ ಕಡೆ ಒಂದು ಗಳಿಗೆ ಮೌನ, ಆಮೇಲೆ ದೂರಿನ ಸಂಖ್ಯೆ. ಬರೆದುಕೊಳ್ಳಿ, ಅದಿಲ್ಲದಿದ್ದರೆ ಮರುದಿನ ಮತ್ತೆ ರೀಸ್ಟಾರ್ಟಿನಿಂದಲೇ ಕಥೆ ಶುರು.

ಇಂಥ ಮೂರು ದೂರು ಆದಮೇಲೆ ಕಂಪನಿ ಬದಲಿಸುವ ಮಾತು ಬಂದೇ ಬರುತ್ತದೆ. ಜಾಹೀರಾತಿನ ವೇಗ ನೋಡಿ ಮರುಳಾಗುವ ಮುನ್ನ ಅದೇ ಕಟ್ಟಡದಲ್ಲಿ ಅದೇ ಕಂಪನಿಯ ಲೈನು ಇರುವವರ ಮನೆಯಲ್ಲಿ ರಾತ್ರಿ ಒಂಬತ್ತಕ್ಕೆ ಸ್ಪೀಡ್ ಟೆಸ್ಟ್ ಮಾಡಿಸಿ. ಒಂದೇ ಎಳೆಯನ್ನು ಕವಲೊಡೆಸಿ ಮನೆಗಳಿಗೆ ಹಂಚುವ ಜಿಪಾನ್ ಫೈಬರಿನಲ್ಲಿ ಸುಮಾರು 2.5 ಗಿಗಾಬಿಟ್ ವೇಗವನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುವುದು ಸಾಮಾನ್ಯ. ಬೆಳಗಿನ ಜಾವ ಎಲ್ಲರ ನೆಟ್ಟೂ ಚೆನ್ನಾಗಿರುತ್ತದೆ. ಅಪ್‌ಲೋಡ್ ವೇಗ ಎಷ್ಟು, ಡೇಟಾ ಮಿತಿ ದಾಟಿದ ಮೇಲೆ ಎಷ್ಟಕ್ಕೆ ಇಳಿಸುತ್ತಾರೆ, ಪೆಟ್ಟಿಗೆ ಬಾಡಿಗೆಯೋ ಸ್ವಂತವೋ, ಬಿಟ್ಟುಹೋಗುವಾಗ ಏನು ಕಟ್ಟಬೇಕು, ಇವನ್ನು ಬಾಯಿಮಾತಿನಲ್ಲಿ ಕೇಳದೆ ಬರಹದಲ್ಲಿ ತರಿಸಿಕೊಳ್ಳಿ. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರ ತೆರೆಯುವ ಆಸೆಯಿದ್ದರೆ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪಬಹುದಾದ ವಿಳಾಸ, ಕೊಡುತ್ತಾರೆಯೇ ಅಂತಲೂ ಕೇಳಿ. ರೂಟರಿನ ಹೊರವಿಳಾಸ 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ ನೀವು ಹತ್ತಾರು ಮನೆಗಳೊಡನೆ ಒಂದೇ ಹೆಬ್ಬಾಗಿಲು ಹಂಚಿಕೊಂಡಿದ್ದೀರಿ. ಒಂದು ಹೋದರೆ ಇನ್ನೊಂದಿರಲಿ ಎಂದು ಎರಡು ಕಂಪನಿಯ ಲೈನು ಹಾಕಿಸುವ ಜಾಣರು ಎರಡೂ ಒಂದೇ ಕಂಬದಿಂದ ಬರುತ್ತಿಲ್ಲವೆಂದು ಹೊರಗೆ ಹೋಗಿ ನೋಡಿಕೊಳ್ಳಬೇಕು. ಒಂದೇ ಕೊಂಬೆ ಬಿದ್ದರೆ ಎರಡೂ ಹೋಗುತ್ತವೆ.

ಹೊಸದು ಎರಡು ವಾರ ಸರಿಯಾಗಿ ಓಡಿದ ಮೇಲಷ್ಟೇ ಹಳೆಯದನ್ನು ರದ್ದು ಮಾಡಿ. ರದ್ದು ಮಾಡುವ ಮುನ್ನ ಎರಡೂ ಕೇಬಲ್ಲುಗಳಿಗೆ, ಮನೆಯೊಳಗೂ ಹೊರಗೋಡೆಯ ಹತ್ತಿರವೂ, ಹೆಸರಿನ ಚೀಟಿ ಅಂಟಿಸಿ. ಎರಡೂ ಕಪ್ಪು, ಎರಡೂ ಒಂದೇ ದಪ್ಪ, ಹಳೆಯದನ್ನು ಬಿಚ್ಚಲು ಬರುವವರ ಕೈಯಲ್ಲಿ ಕತ್ತರಿ ಇರುತ್ತದೆ.