90,000 ರ‍್ಯಾಂಕು, ಒಂಬತ್ತೇ ಆಪ್ಷನ್ನು

ಸಿಇಟಿ ಫಲಿತಾಂಶ ಬಂದ ದಿನ ಒಂದೇ ಮಗುವಿಗೆ ಎರಡು ರ‍್ಯಾಂಕು ಹುಟ್ಟಿಕೊಳ್ಳುತ್ತವೆ. ಒಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೊಟ್ಟದ್ದು, ಇನ್ನೊಂದು ದೊಡ್ಡಪ್ಪ ಮದುವೆಮನೆಯಲ್ಲಿ ಹೇಳಿದ್ದು. ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು–ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ಪಟ್ಟಿ ಮಾಡುವ ಕೆಲಸ, ಸಾಮಾನ್ಯವಾಗಿ ಎರಡನೆಯದನ್ನು ನೋಡಿಕೊಂಡು ನಡೆಯುತ್ತದೆ.

ರ‍್ಯಾಂಕು 90,000 ಎಂದಿಟ್ಟುಕೊಳ್ಳಿ. ಪಿಯುಸಿಯ ಪಿಸಿಎಂ (ಭೌತ, ರಸಾಯನ, ಗಣಿತ) ಅಂಕಕ್ಕೆ ಅರ್ಧ, 180 ಅಂಕದ ಸಿಇಟಿಗೆ ಅರ್ಧ ಕೂಡಿಸಿ ಬಂದದ್ದು. ಎಂಜಿನಿಯರಿಂಗ್ ಪಟ್ಟಿಯೇ ಎರಡು ಲಕ್ಷ ದಾಟುವಾಗ ಇದರಲ್ಲಿ ತಲೆ ತಗ್ಗಿಸುವಂಥದ್ದೇನೂ ಇಲ್ಲ. ಆದರೂ ಮನೆಯ ಮಹಾಸಭೆ ಬರೆಸುವುದು ಬೆಂಗಳೂರಿನ ಹೆಸರಾಂತ ಕಾಲೇಜುಗಳಾದ ಆರ್‌ವಿ, ಬಿಎಂಎಸ್, ರಾಮಯ್ಯ, ಯುವಿಸಿಇ ಮತ್ತು ಅದೇ ಸಾಲಿನ ಇನ್ನೈದು. ಎಲ್ಲ ಕಡೆ ಕಂಪ್ಯೂಟರ್ ಸೈನ್ಸ್. ಆರ್‌ವಿಯ ಕಂಪ್ಯೂಟರ್ ಸೈನ್ಸ್ ಸೀಟು ಸಾಮಾನ್ಯ ವರ್ಗದಲ್ಲಿ ಕೆಲವು ನೂರು ರ‍್ಯಾಂಕುಗಳೊಳಗೇ ಮುಗಿಯುತ್ತದೆ. ‘ಈ ಸಲ ಕಟಾಫ್ ಇಳಿಯುತ್ತಂತೆ’ ಎನ್ನುತ್ತಾರೆ ಚಿಕ್ಕಮ್ಮ. ಇಳಿಯಬಹುದು, ಮುಂದಿರುವ 89,000 ಮಕ್ಕಳು ಒಟ್ಟಿಗೆ ಕಾಶಿಗೆ ಹೊರಟರೆ.

ನ್ಯಾಯವಾಗಿ ಹೇಳಬೇಕೆಂದರೆ, ಆ ಒಂಬತ್ತನ್ನು ಮೇಲೆ ಬರೆದದ್ದು ತಪ್ಪಲ್ಲ. ಕಂಪ್ಯೂಟರು ಪಟ್ಟಿಯನ್ನು ಮೇಲಿನಿಂದ ಓದುತ್ತಾ ಬಂದು, ರ‍್ಯಾಂಕಿಗೆ ಮೊದಲು ಸಿಕ್ಕಿದ್ದನ್ನು ಕೊಡುತ್ತದೆ; ಸಿಗದ ಆಪ್ಷನ್ನಿಗೆ ದಂಡವಿಲ್ಲ. ತಪ್ಪು ಆಗಿದ್ದು ಒಂಬತ್ತಕ್ಕೇ ಕೈ ತೊಳೆದುಕೊಂಡದ್ದರಲ್ಲಿ. ನೂರು ಬರೆದರೂ ಕೇಳುವವರಿಲ್ಲ. ಕಳೆದ ವರ್ಷ 70,000ದಿಂದ 1,20,000ದವರೆಗಿನ ರ‍್ಯಾಂಕಿಗೆ ಮುಗಿದ ಕಾಲೇಜು–ಬ್ರಾಂಚುಗಳನ್ನು ಹೆಕ್ಕಿ ಹೆಚ್ಚು ಇಷ್ಟವಾದದ್ದು ಮೊದಲು ಬರುವಂತೆ ಜೋಡಿಸುವುದು ಒಂದು ಸಂಜೆಯ ಕೆಲಸ. ಹಾಸನ, ರಾಮನಗರ, ಹಾವೇರಿ, ಕುಶಾಲನಗರಗಳಲ್ಲಿ ಕಡಿಮೆ ಶುಲ್ಕದ ಸರ್ಕಾರಿ ಕಾಲೇಜುಗಳಿವೆ. ಆದರೆ ಆ ಹೆಸರನ್ನು ಪಕ್ಕದ ಮನೆಯವರ ಮುಂದೆ ಹೇಗೆ ಹೇಳುವುದು?

ಕಟಾಫ್ ಪಟ್ಟಿ ನೋಡುವುದೂ ಒಂದು ಕಲೆಯೇ. ಮಗುವಿಗೆ ಹಿಂದುಳಿದ ವರ್ಗದ 2ಎ ಪ್ರಮಾಣಪತ್ರವಿದೆ, ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದಾಳೆ ಎನ್ನಿ. ಅವಳು ನೋಡಬೇಕಾದದ್ದು 2ಎ ವರ್ಗದ ಕನ್ನಡ ಮಾಧ್ಯಮದವರ 2ಎಕೆ ಕಾಲಂ. ಮನೆಯವರು ನೋಡುವುದು ಸಾಮಾನ್ಯ ವರ್ಗದ ಜಿಎಂ, ಅದೂ ಸೀಟು ಹಂಚಿಕೆಯ ಮೊದಲ ಸುತ್ತಿನದು. ಕೊನೆಯ ಸುತ್ತಿನ ಹೊತ್ತಿಗೆ ಅದೇ ಸೀಟು ಎಷ್ಟೋ ಸಾವಿರ ಹಿಂದಕ್ಕೆ ಸರಿದಿರುತ್ತದೆ.

ಇನ್ನು ಬ್ರಾಂಚು. ಕಂಪ್ಯೂಟರ್ ಸೈನ್ಸ್, ಅದಕ್ಕೇ ಎಐ–ಎಂಎಲ್ ಒಗ್ಗರಣೆ, ಡೇಟಾ ಸೈನ್ಸ್ ಒಗ್ಗರಣೆ, ಸೈಬರ್ ಸೆಕ್ಯುರಿಟಿ ಒಗ್ಗರಣೆ. ಬೋರ್ಡು ನಾಲ್ಕಾದರೂ ಎಷ್ಟೋ ಕಡೆ ಲ್ಯಾಬು ಒಂದೇ, ಮೇಷ್ಟ್ರೂ ಅವರೇ. ಆ ಬ್ರಾಂಚಿಗೆ ಕೋರ್ಸಿನ ಗುಣಮಟ್ಟ ಅಳೆಯುವ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಕೇಳಿದರೆ ಕೌಂಟರಿನವರು ಹವಾನಿಯಂತ್ರಿತ ಸಭಾಂಗಣ ತೋರಿಸುತ್ತಾರೆ. ಒಳ್ಳೆಯ ಕಾಲೇಜಿನ ಸಿವಿಲ್ಲು, ಮೆಕ್ಯಾನಿಕಲ್ಲು ಇದೇ ರ‍್ಯಾಂಕಿನ ಆಸುಪಾಸಿಗೆ ಬರುವುದುಂಟು. ಆ ಮಾತೆತ್ತಿದವನಿಗೆ ಎರಡನೇ ಕಾಫಿ ಸಿಗುವುದಿಲ್ಲ.

ನಿಜವಾದ ಸುತ್ತಿಗೆ ಮುಂಚಿನ ತಾಲೀಮಾದ ಅಣಕು ಹಂಚಿಕೆಯಲ್ಲಿ ಏನೂ ಬರದಿದ್ದರೆ ಅದು ಪ್ರಾಧಿಕಾರವೇ ಕೊಟ್ಟ ಎಚ್ಚರಿಕೆ: ಪಟ್ಟಿ ಉದ್ದ ಮಾಡಿ. ಮನೆಯಲ್ಲಿ ಅದರ ಅರ್ಥ ‘ಸರ್ವರ್ ಪ್ರಾಬ್ಲಂ’. ಮೊದಲ ಸುತ್ತು ಮುಗಿದ ಮೇಲೆ ಇದ್ದ ಆಪ್ಷನ್ನು ಅಳಿಸಬಹುದು, ಹಿಂದೆಮುಂದೆ ಮಾಡಬಹುದು, ಸಾಮಾನ್ಯವಾಗಿ ಹೊಸದು ಸೇರಿಸುವಂತಿಲ್ಲ.

ಸೀಟು ಸಿಕ್ಕವರಿಗೂ ನೆಮ್ಮದಿಯಿಲ್ಲ. ಸೀಟು ಬಂದ ಮೇಲೆ ಅವರು ಆರಿಸಬಹುದಾದವುಗಳಲ್ಲಿ ಎರಡನೇ ಚಾಯ್ಸ್ ಎಂದರೆ ‘ಇದು ಇರಲಿ, ಮೇಲಿನದು ಸಿಕ್ಕರೆ ಕೊಡಿ’. ಮಾವನ ಒತ್ತಾಯಕ್ಕೆ ಮೇಲೆ ಬರೆದಿದ್ದ ಬೇಡದ ಕಾಲೇಜನ್ನು ಅಳಿಸದೆ ಬಿಟ್ಟರೆ ಮುಂದಿನ ಸುತ್ತಿನಲ್ಲಿ ಅದೇ ಬರಬಹುದು, ಆಗ ಕೈಯಲ್ಲಿದ್ದ ಸೀಟು ತಾನಾಗಿ ರದ್ದಾಗುತ್ತದೆ.

ಒಂಬತ್ತೂ ಖಾಲಿ ಹೋದವರ ಮನೆಗೆ ಸಂಜೆ ಏಜೆಂಟನ ಫೋನು: ‘ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಲಾಸ್ಟ್ ಒಂದೇ ಸೀಟು ಸಾರ್, ಇವತ್ತೇ ಅಡ್ವಾನ್ಸ್ ಕೊಟ್ಟರೆ ಹಿಡಿದಿಡ್ತೀನಿ.’ ಅದೇ ಕಾಲೇಜು, ಅದೇ ಬ್ರಾಂಚು ಸಿಇಟಿಯಲ್ಲಿ ಲಕ್ಷ ದಾಟಿದವರಿಗೂ ಸರ್ಕಾರಿ ಕೋಟಾದ ಶುಲ್ಕಕ್ಕೆ ಸಿಕ್ಕಿದೆ. ಅದನ್ನು ಹತ್ತನೆಯ ಆಪ್ಷನ್ನಾಗಿ ಬರೆಯಲು ಇವರಿಗೆ ನಾಚಿಕೆಯಾಗಿತ್ತು.